ಸ್ಕಾಲರ್‌ಶಿಪ್‌ನ ಆಚೆಗಿನ ಹಣ: ಎಫ್-1 ವೀಸಾದಲ್ಲಿದ್ದ ಒಬ್ಬ ಟೆನಿಸ್ ಆಟಗಾರ್ತಿಯ ಪ್ರಕರಣ

ಕಾಲೇಜು ಕ್ರೀಡಾಪಟುಗಳಿಗೆ ಸ್ಕಾಲರ್‌ಶಿಪ್ ಅಲ್ಲದೆ ಹಣವನ್ನೂ ಕೊಡಬೇಕೇ ಎಂಬ ಪ್ರಶ್ನೆಯನ್ನು ಅಮೆರಿಕದಲ್ಲಿ ಹೆಚ್ಚಾಗಿ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್ ಆಟಗಾರರನ್ನು ಮುಂದಿಟ್ಟುಕೊಂಡೇ ಚರ್ಚಿಸುತ್ತಾರೆ. ಎಫ್-1 ಎಂಬ ಸ್ಟೂಡೆಂಟ್ ವೀಸಾದ ಮೇಲೆ ಆಡುವವರಿಗೆ, ಅದರಲ್ಲೂ ಟಿಕೆಟ್ ಮಾರಾಟವೇ ಇಲ್ಲದ ಆಟಗಳವರಿಗೆ, ಅದೇ ಪ್ರಶ್ನೆ ಬೇರೆ ರೂಪದಲ್ಲಿ ಎದುರಾಗುತ್ತದೆ. ಈ ಪ್ರಕರಣ ಅಂಥ ಒಬ್ಬಳದು. ಗುರುತು ಸಿಗದಂತೆ ಊರು, ವಿಶ್ವವಿದ್ಯಾಲಯ, ಕರಾರಿನ ಮೊತ್ತಗಳನ್ನು ಬದಲಿಸಿ ದುಂಡಾಗಿಸಿದೆ. ನಿಯಮಗಳು, ತೀರ್ಪುಗಳು, ತೆರಿಗೆ ದರಗಳು ಮಾತ್ರ ಇದ್ದಂತೆಯೇ ಇವೆ.

ಹಿನ್ನೆಲೆ

ಉತ್ತರ ಕರ್ನಾಟಕದ ಒಂದು ನಗರದ ಹುಡುಗಿ 2022ರ ಆಗಸ್ಟ್‌ನಲ್ಲಿ ಅಮೆರಿಕದ ಡಿವಿಷನ್-1 (ಕಾಲೇಜು ಕ್ರೀಡೆಯ ಅತಿ ಮೇಲಿನ ದರ್ಜೆ) ವಿಶ್ವವಿದ್ಯಾಲಯವೊಂದರ ಮಹಿಳಾ ಟೆನಿಸ್ ತಂಡ ಸೇರಿದಳು. ಜ್ಯೂನಿಯರ್ ಟೂರ್ನಮೆಂಟ್‌ಗಳ ಓಡಾಟಕ್ಕೆ ಅಪ್ಪ ಪಿಎಫ್ ಹಣದಲ್ಲಿ ಅರ್ಧ ತೆಗೆದಿದ್ದರು. ಹಾಗಾಗಿ ಪೂರ್ಣ ಸ್ಕಾಲರ್‌ಶಿಪ್ ಎಂಬ ಮಾತು ಆ ಮನೆಗೆ ದೊಡ್ಡ ನೆಮ್ಮದಿ ತಂದಿತು. ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆಯಾದ ಎನ್‌ಸಿಎಎಯ ಆಗಿನ ನಿಯಮದಲ್ಲಿ ಮಹಿಳಾ ಟೆನಿಸ್ ತಂಡಕ್ಕೆ 8 ಪೂರ್ಣ ಸ್ಕಾಲರ್‌ಶಿಪ್‌ಗಳಿದ್ದವು. ಪುರುಷರ ತಂಡಕ್ಕೆ ಇದ್ದದ್ದು 4.5, ಅದನ್ನು ಇಡೀ ತಂಡ ಹಂಚಿಕೊಳ್ಳಬೇಕಿತ್ತು. ಭಾರತದಿಂದ ಹೋಗುವ ಹುಡುಗಿಯರಿಗೆ ಪೂರ್ತಿ, ಹುಡುಗರಿಗೆ ಅರ್ಧ ಅಥವಾ ಕಾಲು ಸಿಗುತ್ತಿದ್ದುದಕ್ಕೆ ಇದೇ ಕಾರಣ. ಈ ದಾರಿ ನಮ್ಮವರಿಗೆ ಹೊಸದೂ ಅಲ್ಲ. ಮೈಸೂರಿನಲ್ಲಿ ಹುಟ್ಟಿದ ವಿಕಾಸ್ ಗೌಡ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಪರ 2006ರಲ್ಲಿ ಡಿಸ್ಕಸ್ ಎಸೆತದ ಎನ್‌ಸಿಎಎ ಪ್ರಶಸ್ತಿ ಗೆದ್ದವರು. ಸೋಮದೇವ್ ದೇವ್‌ವರ್ಮನ್ ವರ್ಜೀನಿಯಾ ವಿಶ್ವವಿದ್ಯಾಲಯದಿಂದ 2007 ಮತ್ತು 2008ರ ಸಿಂಗಲ್ಸ್ ಪ್ರಶಸ್ತಿ ಗೆದ್ದರು. ಅವರ ಕಾಲದಲ್ಲಿ ಸ್ಕಾಲರ್‌ಶಿಪ್ ಬಿಟ್ಟು ಒಂದು ಡಾಲರ್ ಮುಟ್ಟಿದರೂ ಆಡುವ ಅರ್ಹತೆಗೆ ಕುತ್ತು ಬರುತ್ತಿತ್ತು.

ಈ ಹುಡುಗಿ ಹೋಗುವ ಹೊತ್ತಿಗೆ ಆ ಗೋಡೆ ಒಡೆದಿತ್ತು. 2021ರ ಜೂನ್ 21ರಂದು ಆಲ್‌ಸ್ಟನ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಓದಿಗೆ ಸಂಬಂಧಿಸಿದ ಸವಲತ್ತುಗಳಿಗೆ ಎನ್‌ಸಿಎಎ ಹಾಕಿದ್ದ ಮಿತಿ ಸ್ಪರ್ಧಾ ಕಾನೂನಿಗೆ ವಿರುದ್ಧ ಎಂದು 9-0 ತೀರ್ಪು ಕೊಟ್ಟಿತು. ಹತ್ತು ದಿನಗಳ ನಂತರ, ಜುಲೈ 1ರಿಂದ, ಆಟಗಾರರು ತಮ್ಮ ಹೆಸರು, ಚಿತ್ರ, ವ್ಯಕ್ತಿತ್ವವನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಲು ಎನ್‌ಸಿಎಎ ಒಪ್ಪಿತು. ಇದನ್ನೇ ಎಲ್ಲರೂ ಎನ್‌ಐಎಲ್ (ನೇಮ್, ಇಮೇಜ್, ಲೈಕ್‌ನೆಸ್) ಎನ್ನುವುದು.

ಆಕೆಯ ಸ್ಕಾಲರ್‌ಶಿಪ್‌ನಲ್ಲಿ ಬೋಧನಾ ಶುಲ್ಕ, ಪುಸ್ತಕ, ವರ್ಷಕ್ಕೆ 13,600 ಡಾಲರ್‌ನ ವಸತಿ ಮತ್ತು ಊಟ, ಕೈಖರ್ಚಿಗೆಂದು 4,200 ಡಾಲರ್ ಸೇರಿದ್ದವು. ಕೊನೆಯದು 2015ರ ನಂತರ ಬಂದದ್ದು. ಮಾಜಿ ಕಾಲೇಜು ಆಟಗಾರ ಓಬ್ಯಾನನ್ ಎನ್‌ಸಿಎಎ ವಿರುದ್ಧ ಹೂಡಿದ ಮೊಕದ್ದಮೆಯ ಒತ್ತಡವಿಲ್ಲದಿದ್ದರೆ ಅದೂ ಇರುತ್ತಿರಲಿಲ್ಲ.

ಕಾಗದದ 20 ಗಂಟೆ

ಎರಡನೇ ವರ್ಷದ ಮಾರ್ಚ್‌ನಲ್ಲಿ ಆಕೆ ಒಂದು ವಾರದ ಗಂಟೆಗಳನ್ನು ಬರೆದಿಟ್ಟಳು. ಸೀಸನ್‌ನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕ್ರೀಡಾ ಚಟುವಟಿಕೆ ಕೂಡದು ಎಂಬುದು ಎನ್‌ಸಿಎಎ ನಿಯಮ. ಅಭ್ಯಾಸ, ಜಿಮ್ ಮತ್ತು ತಂಡದ ಸಭೆಗೆ 14 ಗಂಟೆ, ಶುಕ್ರವಾರ ಒಂದು ಪಂದ್ಯ, ಭಾನುವಾರ ಇನ್ನೊಂದು. ಪಂದ್ಯದ ದಿನ ಎಷ್ಟೇ ಹೊತ್ತು ಆಡಿದರೂ ಅದನ್ನು 3 ಗಂಟೆ ಎಂದೇ ಬರೆಯಬೇಕು, ನಿಯಮವೇ ಹಾಗಿದೆ. ಕಾಗದದ ಮೇಲೆ 14 ಮತ್ತು 6 ಕೂಡಿ 20. ಲೆಕ್ಕ ಸರಿಯಾಯಿತು.

ವಾಸ್ತವದಲ್ಲಿ ಕಾಲೇಜು ಟೆನಿಸ್‌ನ ಒಂದು ಮುಖಾಮುಖಿಯೆಂದರೆ ಮೊದಲು ಮೂರು ಡಬಲ್ಸ್, ಆಮೇಲೆ ಆರು ಸಿಂಗಲ್ಸ್, ನಾಲ್ಕು ಪಾಯಿಂಟ್ ಮೊದಲು ಗಳಿಸಿದ ತಂಡಕ್ಕೆ ಗೆಲುವು. ವಾರ್ಮ್‌ಅಪ್‌ನಿಂದ ಹಿಡಿದು ಐಸ್ ಹಚ್ಚಿಕೊಂಡು ಬಸ್ ಹತ್ತುವವರೆಗೆ ಏಳು ಗಂಟೆ ಹಿಡಿಯಿತು. ಎರಡು ಪಂದ್ಯಕ್ಕೆ 14. ಬಸ್ ಪ್ರಯಾಣ 9, ಫಿಸಿಯೋ ಬಳಿ 3. ಈ ಎರಡೂ ನಿಯಮದ ಲೆಕ್ಕಕ್ಕೇ ಬರುವುದಿಲ್ಲ. ಒಟ್ಟು 40 ಗಂಟೆ. ಈ 40 ಎಂಬ ಅಂಕಿ ಮುಂದೆ ಇನ್ನೊಂದು ಕಡೆ ತೊಡಕಾಗಲಿದೆ, ಅದಕ್ಕೇ ಇಲ್ಲಿ ಬಿಡಿಸಿ ಬರೆದದ್ದು.

ಸಮಸ್ಯೆ ಎದ್ದದ್ದು

ಇದಕ್ಕೂ ಮೊದಲು, 2023ರ ಅಕ್ಟೋಬರ್‌ನಲ್ಲಿ, ವಿಶ್ವವಿದ್ಯಾಲಯವಿದ್ದ ಊರಿನ ಕ್ರೀಡಾ ಸಾಮಗ್ರಿ ಅಂಗಡಿಯೊಂದು ತಂಡದ ಮೂವರಿಗೆ ಒಂದೇ ಕರಾರು ಕಳಿಸಿತ್ತು: ಒಂದು ಸೆಮಿಸ್ಟರ್‌ಗೆ 1,500 ಡಾಲರ್, ತಿಂಗಳಿಗೆ ಎರಡು ರೀಲ್, ಎರಡು ಶನಿವಾರ ಮಕ್ಕಳಿಗೆ ಟೆನಿಸ್ ಹೇಳಿಕೊಡುವುದು. ಜೊತೆಯ ಇಬ್ಬರು ಅಮೆರಿಕನ್ ಹುಡುಗಿಯರು ಅಂದೇ ಸಹಿ ಹಾಕಿದರು. ಈಕೆ ಕ್ರೀಡಾ ವಿಭಾಗದ ಕಂಪ್ಲಯನ್ಸ್ ಆಫೀಸಿಗೆ ಹೋಗಿ ಕೇಳಿದಳು. ಎನ್‌ಸಿಎಎ ನಿಯಮದ ಪ್ರಕಾರ ತೊಂದರೆಯಿಲ್ಲ ಎಂಬ ಉತ್ತರ ಬಂತು. ಆ ಉತ್ತರ ತಪ್ಪೇನಲ್ಲ, ಆದರೆ ಪೂರ್ತಿಯೂ ಅಲ್ಲ. ಕಂಪ್ಲಯನ್ಸ್ ಆಫೀಸು ನೋಡುವುದು ಆಡುವ ಅರ್ಹತೆಯನ್ನು. ವೀಸಾ ನೋಡುವುದು ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ. ಒಂದೇ ಕ್ಯಾಂಪಸ್‌ನ ಎರಡು ಕಟ್ಟಡಗಳ ನಡುವೆ ಮಾತುಕತೆಯೇ ಇರಲಿಲ್ಲ.

ಸಹಿಗೆ ಮೊದಲು ಆಕೆ ವಿದ್ಯಾರ್ಥಿ ಕಚೇರಿಗೂ ಒಂದು ಮೇಲ್ ಹಾಕಿದಳು. ಈ ಪ್ರಕರಣದ ಮೊದಲ ತಿರುವು ಆ ಮೇಲ್. ಬೇಡ ಎಂದು ಮರುದಿನವೇ ಉತ್ತರ ಬಂತು. ಎಫ್-1 ವೀಸಾದಲ್ಲಿರುವವರು ಕ್ಯಾಂಪಸ್ ಹೊರಗೆ ಅನುಮತಿಯಿಲ್ಲದೆ ದುಡಿಯುವಂತಿಲ್ಲ. ರೀಲ್ ಮಾಡುವುದು, ಮಕ್ಕಳಿಗೆ ಆಟ ಹೇಳಿಕೊಡುವುದು ಎರಡೂ ದುಡಿಮೆಯೇ ಎಂದು ಬಹುತೇಕ ವಲಸೆ ವಕೀಲರು ಓದುತ್ತಾರೆ. ಎನ್‌ಐಎಲ್ ಬಂದಾಗ ಎನ್‌ಸಿಎಎ ತನ್ನ ನಿಯಮ ಬದಲಿಸಿತೇ ಹೊರತು ವಲಸೆ ಕಾನೂನಿನ ಒಂದಕ್ಷರವೂ ಬದಲಾಗಲಿಲ್ಲ.

ಒಂದು ಎಡವಟ್ಟು ಅಷ್ಟರಲ್ಲಿ ಆಗಿಹೋಗಿತ್ತು. ಅಂಗಡಿಯವರು ನೋಡಲೆಂದು ಒಂದು ಜೊತೆ ಶೂ ಕೊಟ್ಟಿದ್ದರು, ಆಕೆ ಅದನ್ನು ಹಾಕಿಕೊಂಡು ಒಂದು ಸ್ಟೋರಿ ಹಾಕಿದ್ದಳು. "ಶೂ ತಾನೇ ಕೊಟ್ಟಿದ್ದು, ದುಡ್ಡಲ್ವಲ್ಲ" ಎಂದು ಅಮ್ಮ ಫೋನಿನಲ್ಲಿ ಸಮಾಧಾನ ಹೇಳಿದರು. ತಂದೆತಾಯಿಗೆ ಹಾಗನ್ನಿಸುವುದು ಸಹಜ. ಆದರೆ ಕೆಲಸಕ್ಕೆ ಪ್ರತಿಯಾಗಿ ಸಿಕ್ಕ ವಸ್ತುವನ್ನೂ ಸಂಭಾವನೆ ಎಂದೇ ಓದಬಹುದು. ಎನ್‌ಸಿಎಎ ನಿಯಮ ಮುರಿದರೆ ಕೆಲವು ಪಂದ್ಯ ಹೊರಗೆ ಕೂರಬೇಕಾಗುತ್ತದೆ, ಮನವಿಗೆ ದಾರಿಯಿದೆ. ಎಫ್-1 ಸ್ಥಿತಿ ಕಳೆದುಕೊಂಡವರು ಅದನ್ನು ಮರಳಿ ಪಡೆಯಲು ಅರ್ಜಿ ಹಾಕಬಹುದು ನಿಜ, ಆದರೆ ಅನುಮತಿಯಿಲ್ಲದೆ ದುಡಿದಿರಬಾರದು ಎಂಬುದು ಆ ಅರ್ಜಿಗಿರುವ ಷರತ್ತುಗಳಲ್ಲೇ ಒಂದು. ಅಂದರೆ ಬೇರೆ ತಪ್ಪನ್ನು ತಿದ್ದಿಕೊಳ್ಳಬಹುದು, ಈ ತಪ್ಪಿಗೆ ತಿದ್ದುಪಡಿಯ ಬಾಗಿಲೇ ಮುಚ್ಚಿದೆ.

ಆಕೆ ಸ್ಟೋರಿ ತೆಗೆದು, ಶೂ ವಾಪಸ್ ಕೊಟ್ಟು, ಕರಾರಿಗೆ ಸಹಿ ಹಾಕುವುದಿಲ್ಲವೆಂದು ಮೇಲ್ ಬರೆದು, ಅದರ ಪ್ರತಿಯನ್ನು ಎರಡೂ ಕಚೇರಿಗೆ ಕಳಿಸಿದಳು. ಶೂವಿನ ಪೆಟ್ಟಿಗೆ ಬಿಚ್ಚುವ ಮೊದಲೇ ಕೇಳಬೇಕಿತ್ತು. ಕೇಳುವುದು ತಡವಾದರೂ ಬರಹದಲ್ಲಿ ಕೇಳಿದ್ದರಿಂದ ನಡೆದದ್ದಕ್ಕೆ ದಾಖಲೆ ಉಳಿಯಿತು.

ಹುಡುಕಿದ ದಾರಿಗಳು

ವಲಸೆ ವಕೀಲರೊಬ್ಬರ ಜೊತೆ ಒಂದು ಗಂಟೆಯ ಸಮಾಲೋಚನೆ ನಡೆಯಿತು. ಇದ್ದ ದಾರಿಗಳನ್ನು ಒಂದೊಂದಾಗಿ ತೂಗಿದರು.

ಕ್ಯಾಂಪಸ್ ಒಳಗಿನ ಕೆಲಸಕ್ಕೆ ಅಡ್ಡಿಯಿಲ್ಲ. ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಯವರೆಗೆ ಮಾಡಬಹುದು. ಜಿಮ್‌ನ ಮುಂಭಾಗದ ಮೇಜಿನಲ್ಲಿ ಗಂಟೆಗೆ 12 ಡಾಲರ್‌ನ ಕೆಲಸ ಸಿಕ್ಕಿತು. 40 ಗಂಟೆ ಆಟ, 15 ಕ್ರೆಡಿಟ್ ಓದು, ಇವುಗಳ ನಡುವೆ ವಾರಕ್ಕೆ ಆರು ಗಂಟೆ ಹೊಂದಿಸಲು ಆಗಿದ್ದೇ ಹೆಚ್ಚು. ಅದೂ ಸೀಸನ್ ಶುರುವಾಗುವವರೆಗೆ ಮಾತ್ರ. ಆದರೆ ಈ ಕೆಲಸದ ನೆಪದಲ್ಲಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕೈಗೆ ಬಂತು, ಮುಂದೆ ತೆರಿಗೆ ಕಾಗದಗಳಿಗೆ ಅದರಿಂದ ಅನುಕೂಲವಾಯಿತು.

ಪಠ್ಯದ ಭಾಗವಾಗಿ ಕೆಲಸ ಮಾಡುವ ಸಿಪಿಟಿ ಅನುಮತಿಯಲ್ಲಿ ಎನ್‌ಐಎಲ್ ಮಾಡಬಹುದೇ ಎಂದು ಕೇಳಿದಳು. ಆಕೆಯದು ಅರ್ಥಶಾಸ್ತ್ರ. ಶೂ ಜಾಹೀರಾತು ಆ ಓದಿನ ಅವಿಭಾಜ್ಯ ಅಂಗ ಎಂದು ಕಚೇರಿ ಬರೆದುಕೊಡುವಂತಿರಲಿಲ್ಲ. ವೃತ್ತಿಪರ ಆಟಗಾರರ ಪಿ-1 ವೀಸಾದ ಮಾತೂ ಬಂತು, ಅಂತರರಾಷ್ಟ್ರೀಯ ಮಟ್ಟದ ಮನ್ನಣೆಯ ಪುರಾವೆ ಬೇಕೆಂದ ಕೂಡಲೇ ಅದು ಅಲ್ಲಿಗೇ ನಿಂತಿತು.

ಮೂರನೆಯದು ನಿಷ್ಕ್ರಿಯ ಆದಾಯ. ಏನೂ ಕೆಲಸ ಮಾಡದೆ, ಹೆಸರು ಮತ್ತು ಚಿತ್ರ ಬಳಸಲು ಪರವಾನಗಿ ಮಾತ್ರ ಕೊಟ್ಟು ರಾಯಲ್ಟಿ ಪಡೆಯುವುದು. ತಂಡದವರೆಲ್ಲರ ಹೆಸರಿನ ಜೆರ್ಸಿ ಮಾರಾಟದಲ್ಲಿ ಒಂದು ಪಾಲು ಬರುವುದು ಈ ಬಗೆಯದು. ವಕೀಲರು ಇದನ್ನು ಪೂರ್ತಿ ಅಲ್ಲಗಳೆಯಲಿಲ್ಲ. ಟೆನಿಸ್ ಜೆರ್ಸಿ ಕೊಳ್ಳುವವರು ಎಷ್ಟು ಜನ ಎಂಬುದು ಬೇರೆ ಮಾತು.

ಉಳಿದದ್ದು ನಾಲ್ಕನೆಯ ದಾರಿ. ದುಡಿಮೆ ಅಮೆರಿಕದ ನೆಲದ ಮೇಲೆ ನಡೆಯದಿದ್ದರೆ ಎಫ್-1 ನಿಯಮ ಅಡ್ಡ ಬರುವುದಿಲ್ಲ. ಕೆಂಟಕಿ ವಿಶ್ವವಿದ್ಯಾಲಯದ ಬಾಸ್ಕೆಟ್‌ಬಾಲ್ ಆಟಗಾರ, ಕಾಂಗೋ ದೇಶದ ಆಸ್ಕರ್ ಚೀಬ್ವೆ 2022ರ ಆಗಸ್ಟ್‌ನಲ್ಲಿ ತಂಡ ಬಹಾಮಾಸ್‌ಗೆ ಹೋದಾಗ ಅಲ್ಲೇ ಎನ್‌ಐಎಲ್ ಕೆಲಸಗಳನ್ನು ಮುಗಿಸಿಕೊಂಡಿದ್ದು ಈ ದಾರಿಯಲ್ಲೇ. ಈಕೆಗೆ ಬಹಾಮಾಸ್ ಬೇಕಿರಲಿಲ್ಲ, ಬೇಸಿಗೆ ರಜೆಗೆ ಊರಿಗೆ ಬರುವವಳೇ.

ಬೆಂಗಳೂರಿನ ನಾಲ್ಕು ದಿನ

2024ರ ಮೇ 15ಕ್ಕೆ ಬಂದವಳು ಆಗಸ್ಟ್ 10ಕ್ಕೆ ಹೊರಡುವುದಿತ್ತು. ಬೆಂಗಳೂರಿನ ಕ್ರೀಡಾ ಉಡುಪಿನ ಕಂಪನಿಯೊಂದು ನಾಲ್ಕು ದಿನದ ಚಿತ್ರೀಕರಣಕ್ಕೆ ₹2,40,000 ಕೊಡಲು ಒಪ್ಪಿತು. ಕಂಪನಿಯ ಮೊದಲ ಕರಡನ್ನು ವಕೀಲರು ನಾಲ್ಕು ಕಡೆ ತಿದ್ದಿಸಿದರು. ಚಿತ್ರೀಕರಣ, ಧ್ವನಿಮುದ್ರಣ, ಪೋಸ್ಟ್ ಹಾಕುವುದು ಎಲ್ಲವೂ ಭಾರತದಲ್ಲೇ ಆಗಬೇಕು. ಆಗಸ್ಟ್ 10ರ ನಂತರ ಆಕೆಯ ಮೇಲೆ ಯಾವ ಹೊಣೆಯೂ ಇರಬಾರದು. ವಿಶ್ವವಿದ್ಯಾಲಯದ ಹೆಸರು, ಲಾಂಛನ, ಸಮವಸ್ತ್ರ ಎಲ್ಲೂ ಕಾಣಬಾರದು, ಏಕೆಂದರೆ ತಂಡಕ್ಕೆ ಬೇರೆ ಉಡುಪು ಪ್ರಾಯೋಜಕರಿದ್ದಾರೆ. "ಅಗತ್ಯವಿದ್ದಲ್ಲಿ ಇನ್ನೆರಡು ರೀಲ್" ಎಂಬ ಸಾಲನ್ನು ಪೂರ್ತಿ ಕಿತ್ತುಹಾಕಬೇಕು.

ಆ ನಾಲ್ಕನೆಯ ತಿದ್ದುಪಡಿಯೇ ಆಕೆಯನ್ನು ಕಾಪಾಡಿದ್ದು. ಸೆಪ್ಟೆಂಬರ್‌ನಲ್ಲಿ ಕಂಪನಿಯ ಮಾರ್ಕೆಟಿಂಗ್‌ನವರು ಫೋನ್ ಮಾಡಿ, ಹೊಸ ಉಡುಪು ಬಿಡುಗಡೆಗೆ ಕ್ಯಾಂಪಸ್‌ನಿಂದ ಮೂವತ್ತು ಸೆಕೆಂಡಿನ ವಿಡಿಯೋ ಕಳಿಸಿ ಎಂದರು. ಆ ಸಾಲು ಕರಾರಿನಲ್ಲಿ ಉಳಿದಿದ್ದರೆ ಒಂದೋ ಕರಾರು ಮುರಿಯಬೇಕಿತ್ತು, ಇಲ್ಲವೇ ವೀಸಾ ನಿಯಮ ಮುರಿಯಬೇಕಿತ್ತು. ಆಕೆ ಒಲ್ಲೆ ಎಂದಳು, ಅವರು ಬೇಸಿಗೆಯ ಚಿತ್ರಗಳಲ್ಲೇ ಸುಧಾರಿಸಿಕೊಂಡರು.

600 ಡಾಲರ್ ಮೀರಿದ ಎನ್‌ಐಎಲ್ ಕರಾರನ್ನು 30 ದಿನದೊಳಗೆ ವಿಶ್ವವಿದ್ಯಾಲಯಕ್ಕೆ ತಿಳಿಸಬೇಕೆಂಬ ನಿಯಮ 2024ರ ಆಗಸ್ಟ್ 1ರಿಂದ ಜಾರಿಗೆ ಬಂತು. ಆಕೆ ಅದನ್ನು ಕಾಯದೆ ಜೂನ್‌ನಲ್ಲೇ ಕರಾರಿನ ಪ್ರತಿ ಕಳಿಸಿದ್ದಳು. ಕರಾರು, ಚಿತ್ರೀಕರಣದ ದಿನಚರಿ, ಪಾಸ್‌ಪೋರ್ಟ್‌ನ ಆಗಮನ ನಿರ್ಗಮನ ಮುದ್ರೆಯ ಪ್ರತಿ, ಹಣ ಜಮೆಯಾದ ಬ್ಯಾಂಕ್ ಪುಟ, ಇಷ್ಟನ್ನೂ ಒಂದೇ ಫೈಲಿನಲ್ಲಿ ಇಟ್ಟಿದ್ದಾಳೆ.

ಹಣದ ಕಡೆ ಮಾತ್ರ ಎಲ್ಲವೂ ಎಡವಿತು. ಕಂಪನಿ ಮೊದಲು 194ಜೆ ಕಲಂ ಅಡಿ 10% ಟಿಡಿಎಸ್ ಹಿಡಿಯಲು ಹೊರಟಿತು. ಅದು ಭಾರತದ ನಿವಾಸಿಗಳಿಗೆ ಅನ್ವಯಿಸುತ್ತಿದ್ದ ಕಲಂ. ಆಕೆ ಆ ಹಣಕಾಸು ವರ್ಷದಲ್ಲಿ ಇಲ್ಲಿದ್ದದ್ದು 88 ದಿನ. ನಿವಾಸಿ ಎನಿಸಿಕೊಳ್ಳಲು ಹೊರದೇಶದಲ್ಲಿದ್ದು ಭೇಟಿಗೆ ಬರುವ ಭಾರತೀಯ ನಾಗರಿಕರಿಗೆ 60 ದಿನದ ಮಿತಿಯ ಬದಲು 182 ದಿನ ಲೆಕ್ಕ. ಹಾಗಾಗಿ ತೆರಿಗೆಯ ದೃಷ್ಟಿಯಲ್ಲಿ ಆಕೆ ಅನಿವಾಸಿ. ಅನಿವಾಸಿಗೆ ಪಾವತಿಸುವಾಗ ಆಗಿನ 195ನೇ ಕಲಂ ಪ್ರಕಾರ 30%, ಸೆಸ್ ಸೇರಿ 31.2% ಹಿಡಿಯಬೇಕಿತ್ತು. ₹74,880 ಹೋಗಿ ₹1,65,120 ಉಳಿಯಿತು. ಅಪ್ಪ ಗಾಬರಿಯಾದರು. ಊರಿನ ಆಡಿಟರ್ ಕೂತು ವಿವರಿಸಿದ ಮೇಲೆ ಸಮಾಧಾನವಾಯಿತು: ಆಕೆಗೆ ಭಾರತದಲ್ಲಿ ಬೇರೆ ಆದಾಯವಿಲ್ಲ, ಹೊಸ ಪದ್ಧತಿಯಲ್ಲಿ ಆ ವರ್ಷ ₹3 ಲಕ್ಷದವರೆಗೆ ತೆರಿಗೆಯಿಲ್ಲ, ರಿಟರ್ನ್ಸ್ ಸಲ್ಲಿಸಿದರೆ ಹಿಡಿದದ್ದೆಲ್ಲ ವಾಪಸ್. ಹಾಗೇ ಆಯಿತು, ಆದರೆ ಒಂದು ವರ್ಷ ಕಾಯಬೇಕಾಯಿತು. ಉಳಿತಾಯ ಖಾತೆಯನ್ನು ಅನಿವಾಸಿಗಳ ಎನ್‌ಆರ್‌ಒ ಖಾತೆಯಾಗಿ ಬದಲಿಸಲು ಬ್ಯಾಂಕು ಮೂರು ವಾರ ತೆಗೆದುಕೊಂಡಿತು. ಓದಲು ಹೊರಟ ವರ್ಷವೇ ಇದನ್ನು ಮಾಡಿಸಿದ್ದರೆ ಹಣ ಸೇರುವುದು ತಡವಾಗುತ್ತಿರಲಿಲ್ಲ.

ಅದೇ ಬೇಸಿಗೆಯಲ್ಲಿ ಆಕೆ ಭಾರತದಲ್ಲಿ ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ (ಐಟಿಎಫ್) ಎರಡು ಟೂರ್ನಮೆಂಟ್ ಆಡಿದಳು. ಅಲ್ಲಿ ಗೆದ್ದ ಬಹುಮಾನದಲ್ಲಿ ಪ್ರಯಾಣ, ವಸತಿ, ಕೋಚ್ ಖರ್ಚಿನಷ್ಟನ್ನು ಮಾತ್ರ ಇಟ್ಟುಕೊಳ್ಳಬಹುದಿತ್ತು, ಅದಕ್ಕಿಂತ ಹೆಚ್ಚಾದರೆ ಎನ್‌ಸಿಎಎ ಅರ್ಹತೆಗೆ ಧಕ್ಕೆ. ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಟೆನಿಸ್ ಉಡುಪು ಹಾಕಿಕೊಂಡು ಕ್ಯಾಮೆರಾ ಮುಂದೆ ನಿಂತರೆ ₹2,40,000 ಪೂರ್ತಿ ಆಕೆಯದು. ಅದೇ ಉಡುಪಿನಲ್ಲಿ ಟೆನಿಸ್ ಆಡಿ ಗೆದ್ದರೆ ಖರ್ಚಿನಷ್ಟು ಮಾತ್ರ. ಹವ್ಯಾಸಿ ಎಂಬ ಹಳೆಯ ಕಲ್ಪನೆಯನ್ನು ಒಂದು ಬಾಗಿಲಿನಿಂದ ಹೊರಗೆ ಕಳಿಸಿ ಇನ್ನೊಂದರಿಂದ ಒಳಗೆ ಕರೆದುಕೊಂಡ ಆಗಿನ ನಿಯಮವಿದು. ನಾರ್ತ್ ಕೆರೊಲಿನಾದ ರೀಸ್ ಬ್ರಾಂಟ್‌ಮಯರ್ ಎಂಬ ಆಟಗಾರ್ತಿ 2024ರ ಮಾರ್ಚ್‌ನಲ್ಲಿ ಇದರ ವಿರುದ್ಧವೇ ಕೋರ್ಟಿಗೆ ಹೋದರು. ಅವರ ವಾದದಲ್ಲಿ ನ್ಯಾಯವಿದೆ ಎಂಬುದು ನಮ್ಮ ಅಭಿಪ್ರಾಯ.

ಬಿಲ್ಲಿನಲ್ಲಿ ಅಡಗಿದ್ದ ಹಣ

ಈ ಪ್ರಕರಣದಲ್ಲಿ ಅತಿ ದೊಡ್ಡ ಮೊತ್ತ ಸಿಕ್ಕಿದ್ದು ಯಾರೂ ಹುಡುಕದ ಕಡೆ. ಸ್ಕಾಲರ್‌ಶಿಪ್‌ನಲ್ಲಿ ಬೋಧನಾ ಶುಲ್ಕ ಮತ್ತು ಪುಸ್ತಕಕ್ಕೆ ಅಮೆರಿಕದ ತೆರಿಗೆಯಿಲ್ಲ. ವಸತಿ, ಊಟ, ಕೈಖರ್ಚಿಗೆ ಇದೆ. 13,600 ಮತ್ತು 4,200 ಕೂಡಿ 17,800 ಡಾಲರ್. ಎಫ್-1 ವಿದ್ಯಾರ್ಥಿಯಿಂದ ಇದರ ಮೇಲೆ 14%, ಅಂದರೆ ವರ್ಷಕ್ಕೆ 2,492 ಡಾಲರ್ ಹಿಡಿಯುತ್ತಾರೆ. ಸೆಮಿಸ್ಟರ್ ಬಿಲ್ಲಿನಲ್ಲಿ ತೆರಿಗೆ ಎಂಬ ಒಂದು ಸಾಲು ಕಂಡಾಗ ಮನೆಯವರು ಪೂರ್ಣ ಸ್ಕಾಲರ್‌ಶಿಪ್ ಅಂದಿದ್ದಿರಲ್ಲ ಎಂದು ಕೋಚ್‌ಗೇ ಕೇಳಿದ್ದರು.

ಭಾರತ ಮತ್ತು ಅಮೆರಿಕದ ನಡುವಿನ ತೆರಿಗೆ ಒಪ್ಪಂದದ 21(2)ನೇ ವಿಧಿ ಭಾರತೀಯ ವಿದ್ಯಾರ್ಥಿಗಳಿಗೆ ಅಮೆರಿಕನ್ನರಂತೆಯೇ ಸ್ಟ್ಯಾಂಡರ್ಡ್ ಡಿಡಕ್ಷನ್ ಕೊಡುತ್ತದೆ. ಬೇರೆ ದೇಶಗಳ ಬಹುತೇಕ ಅನಿವಾಸಿ ವಿದ್ಯಾರ್ಥಿಗಳಿಗೆ ಇದು ಸಿಗುವುದಿಲ್ಲ. ತಂಡದ ಯುರೋಪಿನ ಸೀನಿಯರ್ ಒಬ್ಬಳು ತನ್ನ ಫಾರಂ ನೋಡಿಕೊಂಡೇ ಈಕೆಯದ್ದನ್ನೂ ತುಂಬಿಕೊಟ್ಟಿದ್ದಳು, ಹಾಗಾಗಿ ಆ ಕಡಿತ ಬಿಟ್ಟುಹೋಗಿತ್ತು. 2023ರ ಸಾಲಿಗೆ 1040-ಎಕ್ಸ್ ಮೂಲಕ ತಿದ್ದುಪಡಿ ಸಲ್ಲಿಸಿದಳು. ಆ ವರ್ಷದ ಕಡಿತ 13,850 ಡಾಲರ್. ತೆರಿಗೆ 1,916ರಿಂದ 395ಕ್ಕೆ ಇಳಿದು 1,521 ಡಾಲರ್ ಮರಳಿ ಬಂತು. 2024ರ ಸಾಲಿಗೆ ಅನಿವಾಸಿಗಳ ರಿಟರ್ನ್ಸ್ ಆದ 1040-ಎನ್‌ಆರ್ ಫಾರಂನಲ್ಲೇ ಸರಿಯಾಗಿ ತೋರಿಸಿದಳು: 17,800ರಲ್ಲಿ 14,600 ಕಳೆದು 3,200, ಅದರ ಮೇಲೆ 10% ಎಂದರೆ 320, ಹಿಡಿದದ್ದು 2,492, ಮರಳಿದ್ದು 2,172. ಎರಡೂ ಸೇರಿ 3,693 ಡಾಲರ್. ಬೆಂಗಳೂರಿನ ಇಡೀ ಕರಾರಿನ ಮೊತ್ತ ಆಗಿನ ದರದಲ್ಲಿ 2,900 ಡಾಲರ್‌ಗಿಂತ ಕಡಿಮೆ. ತಿದ್ದುಪಡಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವಿದೆ, ಜೊತೆಗೆ ಹಿಡಿದ ತೆರಿಗೆ ತೋರಿಸುವ 1042-ಎಸ್ ಪ್ರತಿ ಮತ್ತು ವಿದ್ಯಾರ್ಥಿ ವೀಸಾದವರು ಸಲ್ಲಿಸುವ 8843 ಫಾರಂ ಇರಬೇಕು.

ಕೇಳಿ ಪಡೆದದ್ದು

ಇನ್ನೊಂದು ತಿರುವು ಸೀದಾ ಪ್ರಶ್ನೆಯೊಂದರಿಂದ ಬಂತು. ಆಲ್‌ಸ್ಟನ್ ತೀರ್ಪಿನ ನಂತರ ವಿಶ್ವವಿದ್ಯಾಲಯಗಳು ಓದಿನ ಸಾಧನೆಗೆಂದು ಪ್ರತಿ ಆಟಗಾರರಿಗೆ ವರ್ಷಕ್ಕೆ 5,980 ಡಾಲರ್‌ವರೆಗೆ ಕೊಡಬಹುದು. ಕೊಡಲೇಬೇಕೆಂದಿಲ್ಲ. ಈ ವಿಶ್ವವಿದ್ಯಾಲಯ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್‌ನವರಿಗೆ ಪೂರ್ತಿ ಕೊಡುತ್ತಿತ್ತು, ಟೆನಿಸ್‌ಗೆ ಏನೂ ಇರಲಿಲ್ಲ. ಈಕೆ ಮತ್ತು ತಂಡದ ಇನ್ನೂ ಮೂವರು ವಿದೇಶಿ ಆಟಗಾರ್ತಿಯರು ತಮ್ಮ ಅಂಕಪಟ್ಟಿ ಜೋಡಿಸಿ ಕೋಚ್ ಮೂಲಕ ಒಂದು ಪುಟದ ಮನವಿ ಕೊಟ್ಟರು. ನಮಗೆ ಎನ್‌ಐಎಲ್ ದಾರಿ ಮುಚ್ಚಿದೆ, ಇದೊಂದು ತೆರೆದಿದೆ ಎಂಬುದಷ್ಟೇ ಅದರ ಸಾರ. 2024-25ರಿಂದ ಟೆನಿಸ್‌ಗೂ ವರ್ಷಕ್ಕೆ 2,000 ಡಾಲರ್ ಮಂಜೂರಾಯಿತು. ಅದು ದುಡಿಮೆಯ ಕೂಲಿಯಲ್ಲ, ಆದ್ದರಿಂದ ವೀಸಾ ಪ್ರಶ್ನೆ ಏಳಲಿಲ್ಲ. ವಿಶ್ವವಿದ್ಯಾಲಯ ಅದನ್ನೂ ಸ್ಕಾಲರ್‌ಶಿಪ್ ಭಾಗವೆಂದೇ ಲೆಕ್ಕ ಹಾಕಿ 14% ಹಿಡಿದು 1,720 ಕೊಟ್ಟಿತು.

ಕೊನೆಯ ವರ್ಷದ ಕರಾರು

2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್, ಎನ್‌ಸಿಎಎ ವಿರುದ್ಧ ಆಟಗಾರರು ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ಒಪ್ಪಿಗೆ ಕೊಟ್ಟರು. ಹಳೆಯ ಆಟಗಾರರಿಗೆ ಹತ್ತು ವರ್ಷಗಳಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರ, ಮತ್ತು ಜುಲೈ 1ರಿಂದ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರವಾಗಿ ಹಣ ಕೊಡಲು ಅವಕಾಶ. 2025-26ಕ್ಕೆ ಪ್ರತಿ ವಿಶ್ವವಿದ್ಯಾಲಯದ ಮಿತಿ ಸುಮಾರು 2.05 ಕೋಟಿ ಡಾಲರ್. ಸ್ಕಾಲರ್‌ಶಿಪ್ ಆಚೆಗೂ ಹಣ ಕೊಡಬೇಕೇ ಎಂಬ ಹಳೆಯ ಪ್ರಶ್ನೆಗೆ ಅಲ್ಲಿಗೆ ಒಂದು ಉತ್ತರ ಸಿಕ್ಕಿತು. ಯಾರಿಗೆ, ಯಾವ ಹೆಸರಿನಲ್ಲಿ ಎಂಬುದು ಉಳಿಯಿತು.

ಪರಿಹಾರ ಹಂಚಿಕೆಯ ಸೂತ್ರವನ್ನೇ ಹಲವು ವಿಶ್ವವಿದ್ಯಾಲಯಗಳು ಹೊಸ ಹಣಕ್ಕೂ ಹಿಡಿದುಕೊಂಡವು: ಫುಟ್‌ಬಾಲ್‌ಗೆ 75%, ಪುರುಷರ ಬಾಸ್ಕೆಟ್‌ಬಾಲ್‌ಗೆ 15%, ಮಹಿಳಾ ಬಾಸ್ಕೆಟ್‌ಬಾಲ್‌ಗೆ 5%, ಉಳಿದೆಲ್ಲಕ್ಕೂ ಸೇರಿ 5%. ಇಲ್ಲಿ ಉಳಿದೆಲ್ಲ ಎಂದರೆ ಸುಮಾರು 380 ಆಟಗಾರರು. ಮಿತಿಯ ಪೂರ್ತಿ ಹಣ ಕೊಟ್ಟರೂ 10.25 ಲಕ್ಷ ಡಾಲರ್, ಸಮನಾಗಿ ಹಂಚಿದರೆ ತಲಾ 2,700ರ ಒಳಗೆ. ಟೆನಿಸ್‌ನ ಮೊದಲ ಆರು ಜನರಿಗೆ ತಲಾ 1,500 ಡಾಲರ್ ಬಂತು.

ಆ 1,500ರ ಕರಾರನ್ನು ಓದಿದವರಿಗೆ ವ್ಯವಸ್ಥೆಯ ಒಳಗುಟ್ಟು ಕಾಣುತ್ತದೆ. ಅದರಲ್ಲಿ ಆಟಕ್ಕೆ ಕೂಲಿ ಎಂದು ಎಲ್ಲೂ ಇಲ್ಲ. ಆಟಗಾರ್ತಿ ತನ್ನ ಹೆಸರು ಮತ್ತು ಚಿತ್ರದ ಬಳಕೆಗೆ ಪರವಾನಗಿ ಕೊಡುತ್ತಾಳೆ, ವಿಶ್ವವಿದ್ಯಾಲಯ ಅದಕ್ಕೆ ಶುಲ್ಕ ಕೊಡುತ್ತದೆ. ಜೊತೆಗೆ ನಾಲ್ಕು ಕಾರ್ಯಕ್ರಮಗಳಲ್ಲಿ ಭಾಗವಹಿಸಬೇಕು. ಅಮೆರಿಕನ್ನರಿಗೆ ಈ ಪದಗಳಿಂದ ವ್ಯತ್ಯಾಸವಿಲ್ಲ. ಈಕೆಗೆ ಆ ನಾಲ್ಕು ಕಾರ್ಯಕ್ರಮಗಳೇ ಪರವಾನಗಿಯನ್ನು ದುಡಿಮೆಯಾಗಿ ಮಾಡಿಬಿಡುತ್ತವೆ. ವಿದ್ಯಾರ್ಥಿ ಕಚೇರಿ ತಡೆ ಹಾಕಿತು. ಎರಡು ತಿಂಗಳ ನಂತರ ವಿಶ್ವವಿದ್ಯಾಲಯದ ವಕೀಲರು ಆ ಷರತ್ತು ತೆಗೆದು ವೀಸಾದವರಿಗೆ ಬೇರೆ ಪ್ರತಿ ಸಿದ್ಧಪಡಿಸಿದರು. ಅದರ ಮೇಲೆ 30% ತೆರಿಗೆ ಹಿಡಿದು ಕೈಗೆ 1,050 ಬರುವುದಿತ್ತು.

ಹಾಗಾದರೆ ಪರವಾನಗಿಯ ನಾಟಕ ಬಿಟ್ಟು ನೇರವಾಗಿ ಸಂಬಳ ಎನ್ನಬಾರದೇ? ಅನ್ನಬೇಕು ಎಂಬುದೇ ನಮ್ಮ ನಿಲುವು. ವಾರಕ್ಕೆ 40 ಗಂಟೆ ಬೇರೆಯವರ ವೇಳಾಪಟ್ಟಿಯಂತೆ ನಡೆಯುವವರು ದುಡಿಯುವವರೇ. ವಿದ್ಯಾರ್ಥಿ-ಕ್ರೀಡಾಪಟು ಎಂಬ ಜೋಡುಪದವನ್ನು 1950ರ ದಶಕದಲ್ಲಿ ವಾಲ್ಟರ್ ಬೈಯರ್ಸ್ ಮುಖ್ಯಸ್ಥರಾಗಿದ್ದ ಎನ್‌ಸಿಎಎ ಚಲಾವಣೆಗೆ ತಂದದ್ದೇ, ಗಾಯಗೊಂಡ ಆಟಗಾರರು ಕಾರ್ಮಿಕ ಪರಿಹಾರ ಕೇಳದಿರಲಿ ಎಂದು. ಆಟಗಾರರು ಉದ್ಯೋಗಿಗಳಾಗಿರಲು ಸಾಧ್ಯ ಎಂದು ಜಾನ್ಸನ್ ಪ್ರಕರಣದಲ್ಲಿ 2024ರ ಜುಲೈನಲ್ಲಿ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿಯೂ ಇದೆ. ಆದರೆ ಆ ನ್ಯಾಯ ಅರ್ಧದಲ್ಲೇ ನಿಂತರೆ ಮೊದಲ ಪೆಟ್ಟು ಬೀಳುವುದು ವೀಸಾದವರಿಗೆ. ಉದ್ಯೋಗಿ ಎಂದ ದಿನವೇ ಕ್ಯಾಂಪಸ್ ಕೆಲಸದ 20 ಗಂಟೆಯ ಮಿತಿ ಎದುರಾಗುತ್ತದೆ. ಬಸ್ಸಿನ 9 ಗಂಟೆ, ಪಂದ್ಯದ ದಿನದ ನಿಜವಾದ 7 ಗಂಟೆ ಎಲ್ಲ ಕೆಲಸದ ಹೊತ್ತಾಗುತ್ತವೆ. ಇಂದು ಕಾಗದದ ಮೇಲೆ 20 ಎಂದು ತೋರುವ ವಾರ ಆಗ 40 ಎಂದು ತೋರಲೇಬೇಕು, ತೋರಿದರೆ ಆಕೆ ಆಡುವಂತಿಲ್ಲ. ಕೂಲಿಯ ಹಕ್ಕಿನ ಜೊತೆಗೇ ವೀಸಾ ನಿಯಮದ ತಿದ್ದುಪಡಿಯನ್ನೂ ಕೇಳದಿದ್ದರೆ, ಈ ಹಕ್ಕಿಗಾಗಿ ದನಿಯೆತ್ತುವವರು ತಮ್ಮದೇ ತಂಡದ ಕೆಲವರನ್ನು ಹೊರಗೆ ಬಿಟ್ಟು ಬಾಗಿಲು ಹಾಕಿದಂತೆ.

ಆಕೆಯ ತೀರ್ಮಾನ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪದವಿಯ ನಂತರ ಒಂದು ವರ್ಷ ಒಪಿಟಿಯಲ್ಲಿ (ಎಫ್-1ನವರಿಗೆ ಓದಿದ ವಿಷಯದಲ್ಲಿ ಕೆಲಸ ಮಾಡಲು ಸಿಗುವ ಅನುಮತಿ) ಕೆಲಸ ಮಾಡಲು ಅರ್ಜಿ ಹಾಕುವುದಿದೆ, ಆಗ ಹಿಂದಿನ ನಾಲ್ಕು ವರ್ಷದ ಎಫ್-1 ದಾಖಲೆಯನ್ನು ಅಧಿಕಾರಿಗಳು ತಿರುವಿಹಾಕಬಹುದು. ಷರತ್ತಿಲ್ಲದ ಪ್ರತಿ ಸುರಕ್ಷಿತವೇ ಎಂದು ವಕೀಲರನ್ನು ಕೇಳಿದಳು. ಸುರಕ್ಷಿತವೆಂದೇ ಕಾಣುತ್ತದೆ, ಲಿಖಿತವಾಗಿ ಖಾತರಿ ಕೊಡಲಾರೆ ಎಂದರು. 1,050 ಡಾಲರ್ ಬೇಡವೆಂದು ಬರೆದುಕೊಟ್ಟಳು. ತಂಡದ ಯುರೋಪಿನ ಇಬ್ಬರು ಅದೇ ಪ್ರತಿಗೆ ಸಹಿ ಹಾಕಿದರು. ಕೋಚ್ ಇವಳ ಪಾಲಿನ 1,500 ಅನ್ನು ಮುಂದಿನ ವರ್ಷದ ಓದಿನ ಸಾಧನೆಯ ನಿಧಿಗೆ ಸೇರಿಸಲು ಪತ್ರ ಬರೆದಿದ್ದಾರೆ. ಜನವರಿಯಲ್ಲಿ ತಂಡಕ್ಕೆ ಬಂದ ಹೊಸ ವಿದೇಶಿ ಹುಡುಗಿಗೆ, ಶೂ ಪೆಟ್ಟಿಗೆ ಬಿಚ್ಚುವ ಮೊದಲು ಹೋಗಬೇಕಾದ ಎರಡು ಕಚೇರಿಗಳ ವಿಳಾಸವನ್ನು ಈಕೆ ಒಂದೇ ಚೀಟಿಯಲ್ಲಿ ಬರೆದುಕೊಟ್ಟಳು.